ಬೂಟಿನ ಕಣ್ಣಿನ ಸರ

ನಮ್ಮ ಮನೆಯಲ್ಲಿ ಅಮ್ಮ ಎಸೆಯುವವಳು, ಅಜ್ಜಿ ಹೆಕ್ಕುವವಳು. ಇವರಿಬ್ಬರ ನಡುವೆ ಸಿಕ್ಕಿ ನಾನು ಬೆಳೆದೆ ಎಂದರೆ ನನ್ನ ಕಸುಬಿನ ವಿಚಾರವಾಗಿ ಹೇಳಬೇಕಾದ್ದರಲ್ಲಿ ಮುಕ್ಕಾಲು ಪಾಲು ಹೇಳಿ ಮುಗಿಸಿದಂತೆಯೇ. ಈಗ ಬಂಗಾರಪೇಟೆಯ ನನ್ನ ಶೆಡ್ಡಿಗೆ ಬರುವವರು ಸೈಕಲ್ ಚೈನಿನಿಂದ ಮಾಡಿದ ನವಿಲಿನ ಮುಂದೆ ನಿಂತೋ, ಹಳೇ ಬೀಗದಕೈಗಳ ಡಾಬನ್ನು ಸೊಂಟಕ್ಕೆ ಹಿಡಿದು ನೋಡಿಕೊಂಡೋ, ಇದನ್ನೆಲ್ಲ ಎಲ್ಲಿ ಕಲಿತಿರಿ ಮೇಡಂ ಎಂದು ಕೇಳುತ್ತಾರೆ. ಅವರಿಗೆ ಯಾವುದಾದರೂ ಕಾಲೇಜಿನ ಹೆಸರು ಬೇಕು. ಚಾಂಪಿಯನ್ ರೀಫ್ಸಿನ ಒಂದು ಲೈನು ಮನೆಯಲ್ಲಿ ಎನ್ನುತ್ತೇನೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಗುತ್ತಾರೆ. ನಗಲಿ, ಆ ಮನೆ ನೆನೆದರೆ ನನಗೂ ನಗುವೇ ಬರುವುದು.

ಲೈನು ಎಂದರೆ ಚಿನ್ನದ ಗಣಿಯ ಕೆಲಸಗಾರರಿಗೆಂದು ಕಟ್ಟಿಸಿದ, ಗೋಡೆಗೆ ಗೋಡೆ ಅಂಟಿದ ಮನೆಗಳ ಸಾಲು. ನಮ್ಮದು ನಲ್ಲಿಯ ಕಡೆಯಿಂದ ಎಣಿಸಿದರೆ ನಾಲ್ಕನೆಯದು. ಮುಂದೆ ಬಿದಿರಿನ ತಟ್ಟಿ ಕಟ್ಟಿದ ಮೊಳದಗಲದ ಜಗಲಿ, ಒಳಗೆ ಒಂದೇ ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ. ಪಕ್ಕದ ಮನೆಯ ಸೆಲ್ವಮ್ಮ ಕೊಳಂಬಿಗೆ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು, ನಮ್ಮಮ್ಮ ಹುರುಳಿ ಕಟ್ಟಿನ ಸಾರು ಕುದಿಸಿದ ದಿನ ಸೆಲ್ವಮ್ಮನ ಬಟ್ಟಲು ಗೋಡೆಯ ಮೇಲಿನಿಂದ ಇಣುಕುತ್ತಿತ್ತು. ಗಾಳಿ ಬೀಸಿದರೆ, ಚಿನ್ನ ತೆಗೆದುಳಿದ ಕಲ್ಲಿನ ಪುಡಿ ಸುರಿದ ಸೈನೈಡ್ ದಿಬ್ಬದ ಬಿಳಿ ದೂಳು ಎಲ್ಲರ ಅಡುಗೆಯ ಮೇಲೂ ಒಂದೇ ಸಮನಾಗಿ ಬೀಳುತ್ತಿತ್ತು. ಅಮ್ಮ ಮುದ್ದೆಯ ತಪ್ಪಲೆಗೆ ತಟ್ಟೆ ಮುಚ್ಚಿ, ಅದರ ಮೇಲೆ ಬಟ್ಟೆ ಮುಚ್ಚಿ, ಸಾಲದೆಂದು ಸೆರಗೂ ಅಡ್ಡ ಹಿಡಿದು ಬಡಿಸುವಳು. ಬೂದಿಕೋಟೆ ಕಡೆಯ ಹಳ್ಳಿಯಲ್ಲಿ ಹಸು, ಹೊಲ, ದೊಡ್ಡ ಅಂಗಳ ಕಂಡು ಬೆಳೆದವಳಿಗೆ ಈ ಗೂಡನ್ನು ಕನ್ನಡಿಯ ಹಾಗೆ ಇಟ್ಟುಕೊಳ್ಳುವುದೊಂದೇ ಹಟ. ಗೂಡಿನ ಅಟ್ಟ ಮಾತ್ರ ಅವಳ ಕೈ ಮೀರಿದ್ದು, ಅದು ಅಜ್ಜಿಯ ರಾಜ್ಯ.

ಅಜ್ಜಿ, ಅಂದರೆ ಅಪ್ಪನ ತಾಯಿ, ಅಟ್ಟದ ಮೇಲೆ ಹದಿನೈದಿಪ್ಪತ್ತು ತಗಡಿನ ಡಬ್ಬಗಳನ್ನು ಜೋಡಿಸಿದ್ದಳು. ಒಂದರಲ್ಲಿ ಗುಂಡಿ, ಒಂದರಲ್ಲಿ ಒಡೆದ ಬಳೆ, ಒಂದರಲ್ಲಿ ಛತ್ರಿಯ ಕಡ್ಡಿ, ಒಂದರಲ್ಲಿ ಸೋಡಾ ಬಾಟಲಿನ ಮುಚ್ಚಳ, ಇನ್ನೊಂದರಲ್ಲಿ ಏನಿದೆ ಎಂದು ಅವಳಿಗೂ ಮರೆತುಹೋಗಿರುತ್ತಿತ್ತು. ಶುಕ್ರವಾರ ಬೆಳಗ್ಗೆ ಅಮ್ಮ ದೀಪ ಹಚ್ಚುವ ಮೊದಲು ಮನೆ ಗುಡಿಸಿ ಕಸವನ್ನೆಲ್ಲ ಲೈನಿನ ಕೊನೆಯ ತಿಪ್ಪೆಗೆ ಸುರಿದು ಬರುವಳು. ಅಮ್ಮ ನಲ್ಲಿಯ ಹತ್ತಿರ ಕಾಲು ತೊಳೆಯುವಷ್ಟರಲ್ಲಿ ಅಜ್ಜಿ ತಿಪ್ಪೆಗೆ ಹೋಗಿ, ತನಗೆ ಬೇಕಾದದ್ದನ್ನು ಮಡಿಲಿಗೆ ಹಾಕಿಕೊಂಡು, ಹಿತ್ತಲ ಬಾಗಿಲಿಂದ ಒಳಗೆ ಬಂದಿರುತ್ತಿದ್ದಳು. ಜಗಳ ಅಲ್ಲಿಂದ ಶುರು. ಲಕ್ಷ್ಮಿ ಬರೋ ಹೊತ್ತಿಗೆ ಮನೆ ತುಂಬ ದರಿದ್ರ ತುಂಬಿಸ್ತೀರಲ್ಲ ಅತ್ತೆ ಎಂದು ಅಮ್ಮ. ನಾನು ಎತ್ತಿಡದೆ ಇದ್ದಿದ್ದರೆ ನಿನ್ನ ಗಂಡನ ಅಂಗಿಗೆ ಗುಂಡಿ ಎಲ್ಲಿಂದ ಬರುತ್ತಿತ್ತು ಎಂದು ಅಜ್ಜಿ. ಇಬ್ಬರೂ ನನ್ನನ್ನು ನ್ಯಾಯಕ್ಕೆ ಕರೆಯುತ್ತಿದ್ದರು. ನಾನು ಅಮ್ಮನಿಗೆ ತಲೆಯಾಡಿಸಿ, ಅಜ್ಜಿಯ ಡಬ್ಬ ಅಟ್ಟಕ್ಕೇರಿಸಿ ಕೊಟ್ಟು, ಇಬ್ಬರಿಂದಲೂ ಬೆಲ್ಲ ಗಿಟ್ಟಿಸುತ್ತಿದ್ದೆ.

ಆ ಡಬ್ಬಗಳಿಗೆ ಇನ್ನೊಂದು ಕೆಲಸವಿತ್ತು. ಗಣಿಯ ಆಳದಲ್ಲಿ ಎಲ್ಲೋ ಬಂಡೆ ಸಿಡಿದರೆ ಮೇಲೆ ನಮ್ಮ ಲೈನು ಅಲುಗುತ್ತಿತ್ತು. ನಮ್ಮ ಕಾಲಿಗೆ ಅದು ತಿಳಿಯುವ ಮೊದಲೇ ಅಟ್ಟದ ಡಬ್ಬಗಳು ಗಲಗಲ ಎನ್ನುವುವು. ಅಮ್ಮ ಮುದ್ದೆ ತಿರುವುತ್ತಿದ್ದರೆ ಕೋಲು ಅಲ್ಲೇ ನಿಲ್ಲುತ್ತಿತ್ತು. ಪಾಳಿ ಮುಗಿದ ಸಂಗು, ಅಂದರೆ ಗಣಿಯ ಸೈರನ್ನು, ಕೂಗಿ, ಅಪ್ಪನ ಬೂಟಿನ ಸದ್ದು ಲೈನಿನ ತುದಿಯಲ್ಲಿ ಕೇಳಿದ ಮೇಲೆಯೇ ಅವಳು ಉಸಿರು ಬಿಟ್ಟು, ಏನೂ ಆಗದವಳ ಹಾಗೆ, ಇವತ್ತು ಸಾರಿಗೆ ಉಪ್ಪು ಜಾಸ್ತಿಯಾಗಿದೆ ನೋಡು ಎನ್ನುತ್ತಿದ್ದಳು. ಅಪ್ಪನಿಗೂ ಒಂದು ಪದ್ಧತಿಯಿತ್ತು. ಗಣಿಯಿಂದ ಹೊರಬರುವಾಗ ಗೇಟಿನಲ್ಲಿ ಎಲ್ಲರ ಮೈಯನ್ನೂ ತಡವಿ ತಪಾಸಣೆ ಮಾಡುತ್ತಿದ್ದರಷ್ಟೆ. ಅಪ್ಪ ಮನೆಯ ಮುಂದಿನ ಚಪ್ಪಡಿಯ ಮೇಲೆ ನಿಂತು ಅದೇ ತಪಾಸಣೆಯನ್ನು ತಾನೇ ಇನ್ನೊಮ್ಮೆ ಮಾಡಿಕೊಳ್ಳುವನು. ಜೇಬು ಹೊರಗೆಳೆದು ಕೊಡವಿ, ಬೂಟು ಬಿಚ್ಚಿ ಬೋರಲು ಹಾಕಿ ತಟ್ಟಿ, ಒಂದು ಹರಳೂ ಒಳಗೆ ಬಾರದ ಹಾಗೆ ನೋಡಿಕೊಂಡು ಆಮೇಲೆ ಹೊಸ್ತಿಲು ದಾಟುವನು. ಯಾರೂ ಕೇಳಿರಲಿಲ್ಲ, ಯಾರೂ ನೋಡುತ್ತಲೂ ಇರಲಿಲ್ಲ. ಅದು ಅವನ ಮಡಿ.

ಆ ಬೂಟುಗಳು ಸವೆದು ಬಾಯಿಬಿಟ್ಟಾಗ ಅಮ್ಮ ತಿಪ್ಪೆಗೆ ಎಸೆಯುವಳು, ಅಜ್ಜಿ ಅದರ ಲೇಸನ್ನೂ, ಲೇಸು ತೂರಿಸುವ ತೂತುಗಳಿಗೆ ಹೊಡೆದ ಪುಟ್ಟ ಹಿತ್ತಾಳೆ ಬಳೆಗಳನ್ನೂ ಕಿತ್ತಿಡುವಳು. ಅಜ್ಜಿ ಅವನ್ನು ಬೂಟಿನ ಕಣ್ಣು ಎನ್ನುತ್ತಿದ್ದಳು. ಅಪ್ಪನ ಎಷ್ಟು ಜೊತೆ ಬೂಟಿನ ಕಣ್ಣುಗಳಿದ್ದವೋ, ಒಂದು ಡಬ್ಬ ತುಂಬಿತ್ತು. ನನಗೆ ಹತ್ತು ವರ್ಷವಿದ್ದಾಗ ಆ ಡಬ್ಬದ ಮೇಲೆ ನನ್ನ ಕಣ್ಣು ಬಿತ್ತು. ಬೂದಿಕೋಟೆ ಕಡೆಯ ಊರಲ್ಲಿ ಸೋದರಮಾವನ ಮದುವೆ ಗೊತ್ತಾಗಿತ್ತು. ನನಗೆ ಹೊಸ ಲಂಗ ಹೊಲಿಸಿದ್ದರು, ಕತ್ತು ಮಾತ್ರ ಬರಿದು. ಅಮ್ಮನಿಗಿದ್ದ ಚಿನ್ನವೆಂದರೆ ತಾಳಿಯ ಗುಂಡು, ಕಿವಿಯ ಓಲೆ, ಅಷ್ಟೇ. ಮದುವೆಗೆ ಹೋಗುವ ಹುಡುಗಿ ಬರೀ ಕತ್ತಲ್ಲಿ ಹೇಗೆ ಹೋಗುವುದು ಎಂದು ಅಮ್ಮ ಎರಡು ದಿನ ಗೊಣಗಿದ್ದು ನನ್ನ ಕಿವಿಗೆ ಬಿದ್ದಿತ್ತು.

ಚಾಂಪಿಯನ್ ಸ್ಟೇಷನ್ನಿನ ಆಚೆ, ತಿರುವಿನಲ್ಲಿ, ಹಳಿಯ ಮೇಲೆ ಬೂಟಿನ ಕಣ್ಣುಗಳನ್ನು ಸಾಲಾಗಿ ಇಟ್ಟು ದೂರದ ಬೇಲಿಯ ಹಿಂದೆ ಕೂತೆ. ಹೀಗೆ ಮಾಡಬಾರದೆಂದು ಈಗ ನನ್ನ ಶೆಡ್ಡಿಗೆ ಬರುವ ಮಕ್ಕಳಿಗೆ ಗದರುತ್ತೇನೆ, ಆಗ ನನಗೆ ಗದರಲು ಅಲ್ಲಿ ಯಾರೂ ಇರಲಿಲ್ಲ. ಬಂಗಾರಪೇಟೆಗೆ ಹೋಗುವ ರೈಲು ಅವುಗಳ ಮೇಲೆ ಹಾದುಹೋಯಿತು. ಓಡಿಹೋಗಿ ನೋಡಿದರೆ ಒಂದೊಂದೂ ಉದ್ದಿನ ಹಪ್ಪಳದ ಹಾಗೆ ತೆಳ್ಳಗೆ ಹರಡಿ, ನಡುವೆ ತೂತು ಹಾಗೇ ಉಳಿಸಿಕೊಂಡು, ಬಿಸಿಯಾಗಿ ಕೂತಿತ್ತು. ಏನನ್ನಾದರೂ ಇನ್ನೊಂದನ್ನಾಗಿ ಮಾಡಿದ ಮೊದಲ ಸಂತೋಷ ಅದು. ನಾಲ್ಕು ದಿನ ಅದೇ ಕೆಲಸ. ಅಜ್ಜಿ ಹುಣಿಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಉಜ್ಜಿ ಕೊಟ್ಟಳು. ಅಜ್ಜಿಯ ಡಬ್ಬದಲ್ಲಿದ್ದ ಹಳೇ ಕರೆಗಂಟೆಯ ತಂತಿಯ ಸುರುಳಿ ಬಿಚ್ಚಿ, ಬಿಲ್ಲೆಗೆ ಬಿಲ್ಲೆ ಪೋಣಿಸಿ, ಹಿಂದೆ ಒಂದು ಕೊಂಡಿ ಬಗ್ಗಿಸಿದೆ. ಕಾಸಿನ ಸರ ಸಿದ್ಧವಾಯಿತು. ಗೋಡೆಯ ಮೇಲಿನಿಂದ ಇಣುಕಿದ ಸೆಲ್ವಮ್ಮ, ಪಾಪಾ, ತಂಗಂ ಮಾದಿರಿ ಐತೆ, ಚಿನ್ನಾನೇ ಅಂದ್ಕೊಂಡೆ ಎಂದು ಎರಡು ಭಾಷೆಯಲ್ಲಿ ಹೊಗಳಿದಳು. ಕಸ ಎಸೆಯುವ ಅಮ್ಮ ಕೂಡ ಸರವನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಕತ್ತಿಗೆ ಹಾಕಿದಳು. ಕೊಂಡಿಯ ತಂತಿ ಹಿಂದೆ ಚುರುಕ್ಕೆಂದು ಚುಚ್ಚಿತು, ಜಂಬದಲ್ಲಿ ನಾನು ಲೆಕ್ಕಕ್ಕಿಡಲಿಲ್ಲ.

ಮದುವೆ ಮನೆಯ ಚಪ್ಪರದಲ್ಲಿ ಅಮ್ಮನ ದೊಡ್ಡಮ್ಮ ನನ್ನನ್ನು ಹಿಡಿದು ನಿಲ್ಲಿಸಿಕೊಂಡರು. ಊರಿನ ಹೆಂಗಸರಿಗೆಲ್ಲ ಯಜಮಾನಿಯಂಥವರು, ಮೊಣಕಾಲು ನೋವು ಬಿಟ್ಟರೆ ಇನ್ನಾವುದಕ್ಕೂ ಜಗ್ಗದವರು. ಸರವನ್ನು ಬೆರಳಲ್ಲಿ ಎತ್ತಿ ತೂಗಿ, ಸುತ್ತ ಕೂತವರಿಗೆಲ್ಲ ಕೇಳುವಂತೆ ಅಮ್ಮನನ್ನು ಕೇಳಿದರು.

“ಚಿನ್ನದ ಗಣೀಲಿ ಇರೋರು ಅಂದ್ರೆ ಸುಮ್ನೆನಾ. ಎಷ್ಟು ಕಾಸೈತೆ ಇದ್ರಾಗೆ?”

ಅಮ್ಮ ನನ್ನ ಮುಖ ನೋಡಿದಳು. ಚಪ್ಪರದಲ್ಲಿ ಕೂತ ಅಕ್ಕತಂಗಿಯರ, ಅತ್ತಿಗೆಯರ ಮುಖ ನೋಡಿದಳು. ತಟ್ಟಿ ಮನೆಗೆ ಕೊಟ್ಟರು ಎಂದು ಅವಳ ಬೆನ್ನ ಹಿಂದೆ ಆಡಿಕೊಂಡವರು ಅವರು. ಅಮ್ಮ ನನ್ನ ಜಡೆಯನ್ನು ಮುಂದಕ್ಕೆ ಎಳೆದು ಹಾಕಿ, ಸಣ್ಣಗೆ ನಕ್ಕು, ಎಲೆ ಹಾಕಿದ್ದಾರೇನೋ ನೋಡ್ತೀನಿ ಎಂದು ಎದ್ದುಹೋದಳು. ಅಷ್ಟೇ. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಆ ಮಧ್ಯಾಹ್ನವೆಲ್ಲ ಅವಳ ನಡಿಗೆಯೇ ಬೇರೆಯಾಗಿತ್ತು, ಹಪ್ಪಳ ಬಡಿಸುವಾಗ ಕೂಡ ತಲೆ ಎತ್ತಿ ಬಡಿಸಿದಳು. ಅವಳು ಹಾಗೆ ನಡೆದದ್ದನ್ನು ಕಂಡು ನನಗೆ ಎಷ್ಟು ಹಿಗ್ಗಾಯಿತೆಂದರೆ, ಯಾರಾದರೂ ಕೇಳಿದರೆ ಬೂಟಿನ ಕಣ್ಣು ಎಂದು ಹೇಳಬೇಕೆಂದು ತುದಿನಾಲಗೆಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ನುಂಗಿಕೊಂಡೆ.

ಮದುವೆಗೆ ಬಂದಿದ್ದವರಲ್ಲಿ ಗಣಿಯ ಇನ್ನೊಂದು ಶಾಫ್ಟಿನಲ್ಲಿ ಕೆಲಸ ಮಾಡುವ ನೆಂಟನೊಬ್ಬನಿದ್ದ. ನಮಗಿಂತ ಮೊದಲು ಅವನ ಮಾತು ರೈಲು ಹತ್ತಿ ಊರು ಸೇರಿತು. ಮೂರನೆಯ ದಿನ ಅಪ್ಪ ಪಾಳಿಯಿಂದ ಬಂದವನು ಜೇಬು ಕೊಡವಲಿಲ್ಲ, ಬೂಟು ಬಿಚ್ಚಲಿಲ್ಲ, ಚಪ್ಪಡಿಯ ಮೇಲೆ ಸುಮ್ಮನೆ ಕೂತುಬಿಟ್ಟ. ಮೇಸ್ತ್ರಿ ಎಲ್ಲರ ಮುಂದೆ ಅವನ ಬೂಟು ಎತ್ತಿಸಿ ನೋಡಿದ್ದನಂತೆ. ನಿನ್ನ ಮಗಳ ಕತ್ತಲ್ಲಿ ಚಿನ್ನದ ಕಾಸು ನೇತಾಡುತ್ತಿದೆಯಂತಲ್ಲ, ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಅಪ್ಪ, ಅದು ನನ್ನ ಬೂಟಿನ ಕಣ್ಣು ಸ್ವಾಮಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಕೆಟ್ಟದ್ದು ಅಲ್ಲೇ. ಗೇಟಿನಲ್ಲಿ ಜೇಬು ನೋಡುತ್ತಾರೆ, ಬಾಯಿ ನೋಡುತ್ತಾರೆ, ಬೂಟಿನ ಕಣ್ಣು ಯಾವುದರದ್ದೆಂದು ಯಾರು ನೋಡುತ್ತಾರೆ? ಎಲಾ ಇವನ, ಹಿತ್ತಾಳೆ ಕಿತ್ತು ಚಿನ್ನ ಹೊಡೆಸಿಕೊಂಡು ಒಂದೊಂದೇ ಸಾಗಿಸಿದ್ದಾನೆ ಎಂದು ಮಾತು ಬೆಳೆಯಿತು. ಮೇಲಿನವರ ಕಿವಿಗೆ ಬಿದ್ದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಲೈನು ಮನೆಯೂ ಹೋಗುತ್ತದೆ. ಭಾನುವಾರ ಕಳೆದು ಸೋಮವಾರ ಬರುವಾಗ ಸಾಕ್ಷಿ ತೆಗೆದುಕೊಂಡು ಬಾ ಎಂದು ಮೇಸ್ತ್ರಿ ಹೇಳಿ ಕಳಿಸಿದ್ದ.

ನನಗೆ ಅಳು ಬಂತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಬಣ್ಣಗೆಟ್ಟು ನಿಂತಿದ್ದಳು. ಅಜ್ಜಿ ಒಬ್ಬಳೇ ಸಮಾಧಾನವಾಗಿ ಸರವನ್ನು ಬಿಸಿಲಿಗೆ ಹಿಡಿದು ನೋಡಿ, ಒಂದು ಬಾಂಬು ಹಾಕಿದಳು.

“ಇಷ್ಟು ವರ್ಸ ಚಿನ್ನದ ಮ್ಯಾಲೆ ತಿರುಗಾಡಿದ ಬೂಟು ಕಣಪ್ಪ. ಒಂಚೂರೂ ಅಂಟ್ಕೊಂಡಿರಾಕಿಲ್ವಾ?”

ಈಗ ನಗಬಹುದು. ಅವತ್ತು ಅಪ್ಪ ನಗಲಿಲ್ಲ, ಅವಳ ಕೈಯಿಂದ ಸರ ಇಸಕೊಂಡು ತಾನೂ ಬಿಸಿಲಿಗೆ ಹಿಡಿದ. ಅರ್ಧ ಆಯಸ್ಸು ಚಿನ್ನದ ಗಣಿಯಲ್ಲಿ ಕಳೆದವನಿಗೆ ಚಿನ್ನ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಅವನು ಕಂಡದ್ದು ಕಪ್ಪು ಬಂಡೆ, ಬೂದು ದೂಳು, ನೀರು, ಬೆವರು. ಲೈನಿನ ಉದ್ದಕ್ಕೂ ಅದೇ ಕತೆ. ಇಡೀ ಊರು ಹೊಟ್ಟೆಪಾಡಿಗೆ ಅಗೆಯುತ್ತಿದ್ದ ವಸ್ತುವನ್ನು ಗುರುತು ಹಿಡಿಯಬಲ್ಲವನು ನಮ್ಮ ಸಾಲಿನಲ್ಲಿ ಒಬ್ಬನೂ ಇರಲಿಲ್ಲ. ತನ್ನ ಬೂಟು ತಾನೇ ಕಾಣದೆ ಏನಾದರೂ ಹೊತ್ತು ತಂದಿದ್ದರೆ ಎಂದು ಅಪ್ಪನಿಗೇ ತನ್ನ ಮೇಲೆ ಅನುಮಾನ ಬಂತು.

ಭಾನುವಾರ ಬೆಳಗಿನ ರೈಲಿಗೆ ಅಪ್ಪ, ಅಜ್ಜಿ, ನಾನು ಬಂಗಾರಪೇಟೆಗೆ ಹೊರಟೆವು. ಸರ ಅಜ್ಜಿಯ ಬಾಳೆಕಾಯಿಯಲ್ಲಿತ್ತು, ಬಾಳೆಕಾಯಿ ಎಂದರೆ ಸೀರೆಯನ್ನು ಸೊಂಟದಲ್ಲಿ ಸುತ್ತಿ ಮಾಡಿದ ಗಂಟು. ಪೇಟೆಯ ಬೀದಿಯಲ್ಲಿ ಅಕ್ಕಸಾಲಿ ಆಚಾರಿಯ ಅಂಗಡಿ ನಮ್ಮ ಜಗಲಿಯಷ್ಟೇ ಇತ್ತು. ಬಿಳಿ ಹುಬ್ಬಿನ ಮುದುಕರು, ಮುಂದೆ ಕೆಂಡದ ಕುಂಡ, ಊದುಕೊಳವೆ. ಅಪ್ಪ ನಡೆದದ್ದೆಲ್ಲ ಹೇಳಿದ. ಅವರು ಒಂದು ಬಿಲ್ಲೆಯನ್ನು ಒರೆಗಲ್ಲಿನ ಮೇಲೆ ಎಳೆದರು. ಹಳದಿ ಗೀರು ಮೂಡಿತು. ಅಪ್ಪ ಗೋಡೆ ಹಿಡಿದುಕೊಂಡ. ಆಚಾರಿ ಸೀಸೆಯಿಂದ ಕಡ್ಡಿಯಲ್ಲಿ ಒಂದು ಹನಿ ದ್ರಾವಕ ತೆಗೆದು ಆ ಗೀರಿನ ಮೇಲೆ ಇಟ್ಟರು. ಗೀರು ಮಾಯವಾಯಿತು. ಇನ್ನೊಂದು ಹನಿಯನ್ನು ಬಿಲ್ಲೆಯ ಮೇಲೇ ಇಟ್ಟರು. ಬುಸ್ಸೆಂದು ಹಸಿರು ನೊರೆ ಎದ್ದಿತು.

“ಇತ್ತಾಳೆ ಕಣಪ್ಪ, ಬರೀ ಇತ್ತಾಳೆ. ಚಿನ್ನ ಆಗಿದ್ರೆ ಆ ಗೀರು ಅಲ್ಲಾಡ್ತಾ ಇರಲಿಲ್ಲ. ಚಿನ್ನದ ಗಣಿಯೋನು ನೀನು, ಇದು ಗೊತ್ತಾಗಲಿಲ್ವಾ?”

ಅಪ್ಪ ಅಲ್ಲೇ ನೆಲಕ್ಕೆ ಕೂತು ನಗಲು ಶುರು ಮಾಡಿದ. ಅವನು ಹಾಗೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಮಗೆ ಕಲ್ಲು ಗೊತ್ತು ಸ್ವಾಮಿ, ಚಿನ್ನ ನಿಮಗೆ ಗೊತ್ತು ಎಂದ. ಅಜ್ಜಿಗೆ ಮಾತ್ರ ಸ್ವಲ್ಪ ನಿರಾಸೆಯೇ ಆಯಿತು, ಇನ್ನೊಂದು ಬಿಲ್ಲೆಯನ್ನೂ ಒರೆಹಚ್ಚಿ ನೋಡಿ ಎಂದು ಎರಡು ಸಲ ಕೇಳಿದಳು. ಆಚಾರಿ ಹಸಿರು ಕಲೆಯಾದ ಬಿಲ್ಲೆಯನ್ನು ನೀರಲ್ಲಿ ಅದ್ದಿ, ಕಾಗದದಲ್ಲಿ ಕಟ್ಟಿ, ಸಾಕ್ಷಿಗೆ ಇದು ಸಾಕು ಎಂದು ಅಪ್ಪನಿಗೆ ಕೊಟ್ಟರು. ಆಮೇಲೆ ಸರವನ್ನು ಬೆಳಕಿಗೆ ಹಿಡಿದು ಗಂಟು ಗಂಟನ್ನೂ ನೋಡಿ, ಯಾರು ಮಾಡಿದ್ದು ಎಂದು ಕೇಳಿದರು. ಅಜ್ಜಿ ನನ್ನನ್ನು ಮುಂದಕ್ಕೆ ತಳ್ಳಿದಳು. ಕೊಂಡಿಯ ತುದಿಯನ್ನು ನನ್ನ ಬೆರಳಿಗೆ ಒತ್ತಿಸಿ ಅವರು ಹೇಳಿದ ಮಾತನ್ನು ನಾನು ಇವತ್ತು ನನ್ನ ಬಳಿ ಕಲಿಯುವವರಿಗೆ ಮೊದಲ ದಿನವೇ ಹೇಳುತ್ತೇನೆ.

“ಮುಂದ್ಗಡೆ ಚೆನ್ನಾಗೇ ಮಾಡಿದ್ದೀಯ ತಾಯಿ. ಇಂದ್ಗಡೆ ಚುಚ್ತದೆ, ನೋಡು. ಆಕ್ಕೊಳ್ಳೋರ ಕತ್ತು ನೆನಸ್ಕೊಂಡು ಮಾಡ್ಬೇಕು.”

ಉಜ್ಜಲು ಒಂದು ಅರದ ತುಂಡನ್ನೂ ಕೊಟ್ಟರು. ಅವರು ಹೊಗಳಿದ್ದಷ್ಟನ್ನೇ ತಲೆಗೆ ಹಾಕಿಕೊಂಡು ಅರವನ್ನು ಅಜ್ಜಿಯ ಡಬ್ಬಕ್ಕೆ ಎಸೆದೆ. ಹತ್ತು ವರ್ಷದವಳಿಗೆ ಹಿಂದುಗಡೆ ಎಂಬುದು ಇರುವುದೇ ಇಲ್ಲ.

ಸೋಮವಾರ ಅಪ್ಪ ಕಲೆಯಾದ ಬಿಲ್ಲೆಯನ್ನು ಮೇಸ್ತ್ರಿಗೆ ತೋರಿಸಿ, ನಡೆದದ್ದು ಹೇಳಿ ಒಪ್ಪಿಸಿ ಬಂದ. ಅಪ್ಪ ಅಷ್ಟಕ್ಕೆ ಬಿಡಲಿಲ್ಲ. ಸಂಜೆ ನನಗೆ ಮದುವೆಯ ಲಂಗ ತೊಡಿಸಿ, ಸರ ಹಾಕಿಸಿ, ಕೈ ಹಿಡಿದು ಲೈನಿನ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ನಡೆಸಿದ. ಪ್ರತಿ ಬಾಗಿಲಲ್ಲೂ ನಿಂತು, ಇದು ನನ್ನ ಬೂಟು, ನನ್ನ ಮಗಳು ಮಾಡಿದ್ದು ಎಂದು ಕನ್ನಡದಲ್ಲೂ ತಮಿಳಲ್ಲೂ ತೆಲುಗಲ್ಲೂ ಹೇಳಿದ. ಜನ ಬಿದ್ದು ಬಿದ್ದು ನಕ್ಕರು. ಮಾರನೆಯ ಬೆಳಗ್ಗೆ ಅಮ್ಮ ರಂಗೋಲಿ ಹಾಕಲು ಬಾಗಿಲು ತೆಗೆದರೆ ಚಪ್ಪಡಿಯ ಮೇಲೆ ಹರಕಲು ಬೂಟುಗಳ ರಾಶಿ. ಲೈನಿನ ಗಂಡಸರೆಲ್ಲ ಪಾಳಿಗೆ ಹೋಗುವಾಗ ಇಟ್ಟು ಹೋಗಿದ್ದರು. ಸೆಲ್ವಮ್ಮ ತನ್ನ ಗಂಡನ ಬೂಟಿಗೆ ಒಂದು ದಾಸವಾಳವನ್ನೂ ಸಿಕ್ಕಿಸಿದ್ದಳು. ಅಜ್ಜಿ ಹಬ್ಬ ಬಂದವಳ ಹಾಗೆ ಕುಕ್ಕರಗಾಲಲ್ಲಿ ಕೂತು ಕಣ್ಣು ಕೀಳಲು ಶುರುಮಾಡಿದಳು. ಅಮ್ಮ ಪೊರಕೆ ಹಿಡಿದು ನಿಂತೇ ಇದ್ದಳು. ಈಗ ಗುಡಿಸುತ್ತಾಳೆ ಎಂದು ನಾನು ಕಾದೆ. ಅವಳು ರಾಶಿಯನ್ನು ಬಿಟ್ಟು, ಪಕ್ಕದಲ್ಲಿ ಉಳಿದಿದ್ದಷ್ಟು ಜಾಗದಲ್ಲಿ ರಂಗೋಲಿ ಹಾಕಿ ಒಳಗೆ ಹೋದಳು.

ಎಲ್ಲರೂ ನಕ್ಕರೂ ಅಮ್ಮ ನಕ್ಕಿರಲಿಲ್ಲ. ಚಪ್ಪರದಲ್ಲಿ ಒಂದು ಮಾತು ಆಡಿದ್ದರೆ ಇದೊಂದೂ ಆಗುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಅಪ್ಪ ಒಂದು ದಿನವೂ ಅದನ್ನು ಎತ್ತಲಿಲ್ಲ. ಎತ್ತಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಅವಳು ಅಪ್ಪ ಬರುವ ಹೊತ್ತಿಗೆ ಚಪ್ಪಡಿ ತೊಳೆದು, ಬೂಟು ತಾನೇ ಬಿಚ್ಚಿ ತಟ್ಟಿ ಇಡತೊಡಗಿದಳು.

ವರ್ಷ ತುಂಬುವುದರೊಳಗೆ ಮಾವನ ಹೆಂಡತಿಗೆ ಸೀಮಂತ ಎಂದು ಕರೆ ಬಂತು. ಹೊರಡುವ ಬೆಳಗ್ಗೆ ಅಮ್ಮ ಹಣೆಗೆ ಕುಂಕುಮ ಇಟ್ಟುಕೊಂಡು ನನ್ನ ಕಡೆ ಕೈ ನೀಡಿ, ಆ ಸರ ಕೊಡೇ ಎಂದಳು. ಹಸಿರು ಕಲೆಯ ಬಿಲ್ಲೆಯನ್ನೂ ಅದರಲ್ಲಿ ಪೋಣಿಸಿಕೊಡು ಎಂದಳು. ಪೋಣಿಸಿಕೊಟ್ಟೆ. ಅವಳು ಅದನ್ನು ತಾಳಿಯ ಜೊತೆಗೆ ತನ್ನ ಕತ್ತಿಗೆ ಹಾಕಿಕೊಂಡಳು. ಮುತ್ತೈದೆಯರೆಲ್ಲ ಅರಿಸಿನ ಹಚ್ಚಿಕೊಂಡು ಸಾಲಾಗಿ ಕೂತಾಗ, ಅದೇ ದೊಡ್ಡಮ್ಮ ಅದೇ ಸರವನ್ನು ನೋಡಿ, ಮಗಳದ್ದು ತಾಯಿಗೆ ಬಂತಾ ಎಂದು ಬಾಯಿ ತೆಗೆದರು. ಅಮ್ಮ ಈ ಸಲ ಏಳಲಿಲ್ಲ.

“ಚಿನ್ನ ಅಲ್ಲ ದೊಡ್ಡಮ್ಮ. ಅವತ್ತೇ ಬಾಯ್ಬಿಡಬೇಕಾಗಿತ್ತು, ಬಿಡಲಿಲ್ಲ, ನಂದು ತಪ್ಪು. ಇದು ನಮ್ಮ ಯಜಮಾನ್ರ ಬೂಟಿನ ಇತ್ತಾಳೆ. ನನ್ ಮಗಳು ಮಾಡಿದ್ದು.”

ಸಾಲಿನಲ್ಲಿ ಗುಸುಗುಸು ಎದ್ದಿತು. ಶುಭಕಾರ್ಯದಲ್ಲಿ, ತಾಳಿಯ ಪಕ್ಕದಲ್ಲಿ, ಕಾಲಿಗೆ ಹಾಕುವುದರ ತುಂಡು. ದೊಡ್ಡಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೆಟ್ಟಿದ್ದನ್ನ ಕತ್ತಿಗೆ ಆಕ್ಕೊಂಡಿದ್ದೀಯಾ ಎಂದರು. ನಾನು ನೆಲ ನೋಡುತ್ತಿದ್ದೆ. ಅಮ್ಮನ ದನಿ ಏರಲಿಲ್ಲ, ಇಳಿಯಲೂ ಇಲ್ಲ.

“ಈ ಬೂಟು ಮೆಟ್ಕೊಂಡು ಅವರು ದಿನಾ ಬೂಮಿ ಒಳೀಕೆ ಇಳಿದ್ರು ದೊಡ್ಡಮ್ಮ, ದಿನಾ ಬೂಮಿ ಮ್ಯಾಲಕ್ಕೆ ಬಂದ್ರು. ನಂಗೆ ಇದಕ್ಕಿಂತ ಒಳ್ಳೇ ಸರ ಯಾವ್ದೈತೆ.”

ದೊಡ್ಡಮ್ಮ ಒರೆಸಿಕೊಂಡ ಅದೇ ಕೈಯಿಂದ ಅಮ್ಮನ ಕೆನ್ನೆಗೆ ಅರಿಸಿನ ಹಚ್ಚಿದರು. ಊಟದ ಹೊತ್ತಿಗೆ ನನ್ನನ್ನು ಮೂಲೆಗೆ ಕರೆದು, ಅವರ ತೀರಿಹೋದ ಯಜಮಾನರ ಉಳುಮೆಯ ಎತ್ತುಗಳ ಗೆಜ್ಜೆ ಒಂದಷ್ಟು ಇವೆ, ಅದರಲ್ಲಿ ಏನಾದರೂ ಆಗುತ್ತದಾ ಎಂದು ಗುಟ್ಟಾಗಿ ಕೇಳಿದರು. ನನಗೆ ಬಂದ ಮೊದಲ ಆರ್ಡರು ಅದು.

ಮಾರನೆಯ ದಿನ ಲೈನು ಮನೆಯ ಹಿತ್ತಲಲ್ಲಿ ಅಮ್ಮ ತಲೆಗೆ ನೀರು ಹಾಕಿಕೊಳ್ಳಲು ಕೂದಲು ಬಿಚ್ಚಿ ಕೂತಿದ್ದಳು. ನಾನು ಸೀಗೆಕಾಯಿಯ ಬಟ್ಟಲು ಹಿಡಿದು ಹಿಂದೆ ನಿಂತಿದ್ದೆ. ಅವಳ ಕತ್ತಿನ ಹಿಂದೆ, ಕೊಂಡಿ ಕೂರುವ ಜಾಗದಲ್ಲಿ, ಕೆಂಪಗೆ ಗೀರಿ ಗೀರಿ ಗಾಯವಾಗಿತ್ತು. ಬೆಳಗ್ಗೆಯಿಂದ ಸಂಜೆಯವರೆಗೆ ಅದು ಚುಚ್ಚುತ್ತಲೇ ಇತ್ತು. ಅವಳು ಅಷ್ಟು ಜನರ ನಡುವೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಒಂದು ಸಲವೂ ಅಲ್ಲಿಗೆ ಕೈ ಹಾಕಿರಲಿಲ್ಲ. ನಾನು ಬಟ್ಟಲು ಕೆಳಗಿಟ್ಟೆ. ಅಟ್ಟ ಹತ್ತಿ, ಅಜ್ಜಿಯ ಡಬ್ಬಗಳನ್ನೆಲ್ಲ ಬೋರಲು ಹಾಕಿ, ಆಚಾರಿ ಕೊಟ್ಟ ಅರದ ತುಂಡನ್ನು ಹುಡುಕಿ ತೆಗೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಆ ತುದಿಯನ್ನು ಉಜ್ಜಿದೆ. ಉಜ್ಜಿ ನನ್ನ ಕತ್ತಿಗೆ ಒತ್ತಿ ನೋಡಿದೆ, ಮತ್ತೆ ಉಜ್ಜಿದೆ. ನೀರು ಆರಿಹೋಗುತ್ತದೆ ಬಾರೇ ಎಂದು ಅಮ್ಮ ಕರೆಯುತ್ತಲೇ ಇದ್ದಳು.